ಬಸವನಹಳ್ಳಿಯ ಸಂಜೆ ಗಣಿತ ತರಗತಿ: ಎಂಟು ತಿಂಗಳ ಕಲಿಕೆಯ ನಂತರ ಬರೆದ ವಿಮರ್ಶೆ

ಚಿಕ್ಕಮಗಳೂರಿನ ಬಸವನಹಳ್ಳಿಯ ಒಂದು ಮನೆಯ ಮಹಡಿಯಲ್ಲಿ ಶನಿವಾರ ಮತ್ತು ಭಾನುವಾರ ಸಂಜೆ ನಾಲ್ಕೂವರೆಯಿಂದ ಆರೂವರೆಯವರೆಗೆ ವಯಸ್ಕರಿಗೆಂದೇ ಗಣಿತದ ತರಗತಿ ನಡೆಯುತ್ತದೆ. ಅದಕ್ಕೆ ನಾಮಫಲಕವಿಲ್ಲ. ಪ್ರೌಢಶಾಲೆಯಲ್ಲಿ ಬಹುಕಾಲ ಗಣಿತ ಕಲಿಸಿ ನಿವೃತ್ತರಾದ ಶಿಕ್ಷಕಿಯೊಬ್ಬರು ಅದನ್ನು ನಡೆಸುತ್ತಾರೆ. ಅವರು ಪ್ರಚಾರವನ್ನು ಬಯಸದ ಕಾರಣ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಓದು ಬಿಟ್ಟು ವರ್ಷಗಳ ಮೇಲೆ ಮತ್ತೆ ಕಾಲೇಜಿಗೆ ಸೇರಿದವರು ಗಣಿತದ ಪತ್ರಿಕೆಯ ಮುಂದೆ ಕಂಗೆಟ್ಟು ಕುಳಿತಿದ್ದರೆ ಅವರಿಗೆ ಉಪಯೋಗವಾಗಲಿ ಎಂದು ಈ ತರಗತಿಯ ಗುಣ ದೋಷಗಳೆರಡನ್ನೂ ಬರೆದಿಡುತ್ತಿದ್ದೇನೆ.

ನಾನು ಆಲ್ದೂರಿನ ಕಡೆಯ ಕಾಫಿ ತೋಟವೊಂದರಲ್ಲಿ ರೈಟರ್. ಹದಿನೇಳು ವರ್ಷಗಳಿಂದ ಹಾಜರಿ, ಬಟವಾಡೆ, ಗೊಬ್ಬರದ ದಾಸ್ತಾನು, ಕಾಫಿ ಮಾರಾಟದ ಲೆಕ್ಕ ಎಲ್ಲವನ್ನೂ ಬರೆಯುತ್ತಾ ಬಂದಿದ್ದೇನೆ. ಪಿಯುಸಿಗೆ ನಿಂತ ಓದನ್ನು 39ನೆಯ ವಯಸ್ಸಿನಲ್ಲಿ ಬಿ.ಕಾಂ. ಸೇರಿ ಮುಂದುವರಿಸಿದಾಗ ವ್ಯವಹಾರ ಗಣಿತದ ಪುಸ್ತಕದ ಮೊದಲ ಅಧ್ಯಾಯವೇ ನನಗೆ ದಾಟದಾಯಿತು. ಕ್ಯಾಲ್ಕುಲೇಟರ್ ಒತ್ತಿ ಉತ್ತರ ತರುವುದು ಬರುತ್ತಿತ್ತು, ಆ ಉತ್ತರ ಏಕೆ ಬಂತೆಂದು ಹೇಳಲು ಬರುತ್ತಿರಲಿಲ್ಲ. ಮೊದಲು ಒಂದು ವರ್ಷದ ಹಣ ಮುಂಗಡ ಕಟ್ಟಿ ಒಂದು ಕಲಿಕಾ ಆ್ಯಪ್ ತೆಗೆದುಕೊಂಡೆ. ಅದು ನೇರವಾಗಿ ಪದವಿಯ ಪಠ್ಯದಿಂದಲೇ ಶುರುವಾಗಿ, ಪ್ರತಿ ಲೆಕ್ಕಕ್ಕೂ ಗಡಿಯಾರ ಇಟ್ಟು, ತಪ್ಪಾದರೆ ಸರಿಯುತ್ತರ ತೋರಿಸಿ ಮುಂದೆ ಹೋಗುತ್ತಿತ್ತು. ನನ್ನ ತಪ್ಪು ಆ ಲೆಕ್ಕದಲ್ಲಿರದೆ ಅದಕ್ಕಿಂತ ಐದು ತರಗತಿ ಹಿಂದೆ ಇದೆ ಎಂಬುದು ಅದಕ್ಕೆ ತಿಳಿಯುವ ದಾರಿಯೇ ಇರಲಿಲ್ಲ. ಎರಡು ತಿಂಗಳಲ್ಲಿ ಅದನ್ನು ಬಿಟ್ಟೆ.

ಬಸವನಹಳ್ಳಿಯ ತರಗತಿಯಲ್ಲಿ ಮೊದಲ ದಿನ ಇಪ್ಪತ್ತು ಲೆಕ್ಕಗಳ ಹಾಳೆ ಕೊಡುತ್ತಾರೆ. ನಾಲ್ಕನೆಯ ತರಗತಿಯ ಭಾಗಾಕಾರದಿಂದ ಹತ್ತನೆಯ ತರಗತಿಯ ಸಮೀಕರಣದವರೆಗೆ ಅದರಲ್ಲಿರುತ್ತದೆ. ಅಂಕ ಹಾಕುವುದಿಲ್ಲ. ಬಿಡಿಸಿದ ಪ್ರತಿ ಹೆಜ್ಜೆಯನ್ನೂ ಬರೆದಿರಬೇಕು, ಆಮೇಲೆ ಪಕ್ಕದಲ್ಲಿ ಕುಳಿತು ಬಾಯಿಬಿಟ್ಟು ವಿವರಿಸಬೇಕು. ಮೂರನೆಯ ಎರಡಕ್ಕೆ ಕಾಲನ್ನು ಕೂಡುವ ಲೆಕ್ಕದಲ್ಲಿ ನಾನು ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿ 3/7 ಎಂದು ಬರೆದಿದ್ದೆ. ಅವರು ತಪ್ಪೆಂದು ಹೇಳದೆ, 2/3 ಅರ್ಧಕ್ಕಿಂತ ಹೆಚ್ಚೋ ಕಡಿಮೆಯೋ ಎಂದು ಕೇಳಿದರು. ಹೆಚ್ಚು ಎಂದೆ. 3/7 ಎಂದು ಕೇಳಿದರು. ಕಡಿಮೆ ಎಂದೆ. ಇರುವುದಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಅದು ಕಡಿಮೆಯಾದದ್ದು ಹೇಗೆ ಎಂದು ಕೇಳಿ ಸುಮ್ಮನಾದರು. ಆ ಮೌನದಲ್ಲಿ ನನಗೆ ತಿಳಿದದ್ದನ್ನು ಶಾಲೆಯ ಹತ್ತು ವರ್ಷಗಳಲ್ಲಿ ಯಾರೂ ನನಗೆ ಕಾಣಿಸಿರಲಿಲ್ಲ. ಉತ್ತರ 11/12 ಎಂಬುದನ್ನು ಲ.ಸಾ.ಅ. ಹಿಡಿದು ನಾನೇ ತಂದದ್ದು ಆನಂತರ.

ಭಿನ್ನರಾಶಿಗೆ ಆರು ವಾರ ಕೊಟ್ಟರು, ಮತ್ತು ಈ ತರಗತಿಯ ನಿಜವಾದ ಬೆಲೆ ಇರುವುದು ಆ ಆರು ವಾರಗಳಲ್ಲಿ ಎಂದು ನಾನು ತಿಳಿದಿದ್ದೇನೆ. ಭಿನ್ನರಾಶಿಯಿಂದ ಭಾಗಿಸುವಾಗ ತಿರುಗಿಸಿ ಗುಣಿಸಬೇಕೆಂಬ ಸೂತ್ರ ನನಗೆ ಬಾಯಿಪಾಠವಾಗಿತ್ತು, ಏಕೆಂದು ಗೊತ್ತಿರಲಿಲ್ಲ. ಅವರು ಅಟ್ಟದಿಂದ ಹಳೆಯ ಸೇರು ಮತ್ತು ಪಾವುಗಳನ್ನು ಇಳಿಸಿ ತಂದರು. ನಾಲ್ಕು ಪಾವಿಗೆ ಒಂದು ಸೇರು. ಮುಕ್ಕಾಲು ಸೇರು ಅಕ್ಕಿಯನ್ನು ಅರೆಪಾವಿನ ಅಳತೆಯಿಂದ ಅಳೆದರೆ ಎಷ್ಟು ಸಲ ತುಂಬುತ್ತದೆ ಎಂದು ನಮ್ಮಿಂದಲೇ ಅಳೆಸಿದರು. ಆರು ಸಲ ತುಂಬಿತು. ಅರೆಪಾವು ಸೇರಿನ ಎಂಟನೆಯ ಒಂದು ಭಾಗವಾದ್ದರಿಂದ ಒಂದು ಸೇರಿನಲ್ಲಿ ಎಂಟು ಅಳತೆ, ಮುಕ್ಕಾಲು ಸೇರಿನಲ್ಲಿ ಎಂಟರ ಮುಕ್ಕಾಲು. ಹೀಗೆ 3/4 ಅನ್ನು 1/8 ರಿಂದ ಭಾಗಿಸುವುದೂ 8 ರಿಂದ ಗುಣಿಸುವುದೂ ಒಂದೇ ಎಂಬುದು ಕಣ್ಣೆದುರೇ ನಿಂತಿತು. ಛೇದವನ್ನು ಅಂಶವಾಗಿಸಿ ಗುಣಿಸುವ ಈ ನಿಯಮವನ್ನು 9ನೆಯ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ಗಣಿತಜ್ಞ ಮಹಾವೀರಾಚಾರ್ಯನು ಹೇಳಿದ್ದಾನೆಂದು ಅವರು ತಿಳಿಸಿದಾಗ ಅದು ನಮ್ಮ ನೆಲದ್ದೇ ವಿದ್ಯೆ ಎನಿಸಿ ಮನಸ್ಸು ತುಂಬಿ ಬಂತು. ನಮ್ಮ ಅಜ್ಜಂದಿರು ಕಾಲು, ಅರೆ, ಮುಕ್ಕಾಲಿಗೂ ಮಗ್ಗಿ ಹೇಳುತ್ತಿದ್ದರು. ಅವುಗಳನ್ನು ಈ ತರಗತಿಯಲ್ಲಿ ಮತ್ತೆ ಹೇಳಿಸುತ್ತಾರೆ, ಮೊದಲ ಎರಡು ವಾರದ ಸಂಕೋಚ ಕಳೆದರೆ ಅದು ಬಹಳ ಉಪಯುಕ್ತ.

ಋಣ ಸಂಖ್ಯೆಗಳ ಪಾಠ ಎರಡೇ ವಾರದಲ್ಲಿ ಮುಗಿಯಿತು, ಏಕೆಂದರೆ ಪದವೇ ಪಾಠವನ್ನು ಹೇಳಿಕೊಡುತ್ತಿತ್ತು. ಋಣವೆಂದರೆ ಸಾಲ, ಧನವೆಂದರೆ ಸ್ವತ್ತು. ಬ್ರಹ್ಮಗುಪ್ತನು 628ರಲ್ಲಿ ಇವುಗಳ ನಿಯಮಗಳನ್ನು ಹೇಳಿದ್ದು ಇದೇ ಮಾತುಗಳಲ್ಲಿ. ಐನೂರು ರೂಪಾಯಿಯ ಮೂರು ಸಾಲಗಳನ್ನು ನಿಮ್ಮ ಖಾತೆಯಿಂದ ತೆಗೆದುಹಾಕಿದರೆ ನೀವು ಸಾವಿರದ ಐನೂರು ರೂಪಾಯಿ ಮೇಲಾದಿರಿ. ಋಣವನ್ನು ಋಣದಿಂದ ಗುಣಿಸಿದರೆ ಧನ ಬರುವುದು ಹೀಗೆ. ಸಮೀಕರಣಗಳಲ್ಲಿ, ಆ ಕಡೆಗೆ ಹೋದರೆ ಚಿಹ್ನೆ ಬದಲಾಗುತ್ತದೆ ಎಂಬ ಮಾತನ್ನು ಆಡಲು ಬಿಡುವುದಿಲ್ಲ. ತಕ್ಕಡಿಯ ಎರಡೂ ತಟ್ಟೆಗಳಿಂದ ಒಂದೇ ತೂಕ ತೆಗೆದೆ ಎಂದು ಪ್ರತಿಸಲ ಬರೆಯಬೇಕು.

ಶೇಕಡಾ ಲೆಕ್ಕವನ್ನು ಅವರು ಕಲಿಯುವವರ ಕಸುಬಿನಿಂದಲೇ ಎತ್ತಿಕೊಳ್ಳುತ್ತಾರೆ. ನನಗೆ ರೊಬಸ್ಟಾ ಚೆರಿಯ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣಿನ, ಔಟ್‌ಟರ್ನ್ ಕೊಟ್ಟರು. 50 ಕೆ.ಜಿ. ಮೂಟೆಯ ಒಣ ಚೆರಿಯನ್ನು ಸಿಪ್ಪೆ ಬಿಡಿಸುವ ಹಲ್ಲರ್ ಯಂತ್ರಕ್ಕೆ ಹಾಕಿದಾಗ ಸಿಗುವ ಕಾಫಿ ಬೀಜದ ಕಿಲೋ ಲೆಕ್ಕವೇ ಔಟ್‌ಟರ್ನ್, ಮೂಟೆಯ ಬೆಲೆ ಕಟ್ಟುವುದು ಅದರ ಮೇಲೆ. ಔಟ್‌ಟರ್ನ್ 28 ಇದ್ದದ್ದು 26ಕ್ಕೆ ಇಳಿದರೆ ನಷ್ಟ ಶೇಕಡಾ ಎಷ್ಟು ಎಂದು ಕೇಳಿದರು. ಎರಡು ಎಂದೆ. ಅದು ಎರಡು ಕಿಲೋ, ಶೇಕಡಾ ಅಲ್ಲ ಎಂದು ತಿದ್ದಿದರು. 50ಕ್ಕೆ 28 ಎಂದರೆ ನೂರಕ್ಕೆ 56, 50ಕ್ಕೆ 26 ಎಂದರೆ ನೂರಕ್ಕೆ 52. ಮೂಟೆಯ ತೂಕಕ್ಕೆ ಹಿಡಿದರೆ ವ್ಯತ್ಯಾಸ ನಾಲ್ಕು. ಆದರೆ ತೋಟದ ಯಜಮಾನನ ಕೈಗೆ ಬರುವ ಹಣಕ್ಕೆ ಹಿಡಿದರೆ 28ರಲ್ಲಿ 2 ಹೋಯಿತು, ಅಂದರೆ ಶೇಕಡಾ 7ಕ್ಕೂ ತುಸು ಹೆಚ್ಚು. ಹದಿನೇಳು ವರ್ಷ ನಾನೇ ಬರೆದ ಅಂಕಿಗಳು ಇವು, ಶೇಕಡಾ ಎಂದಾಗ ಯಾವುದರ ಶೇಕಡಾ ಎಂದು ಮೊದಲು ಕೇಳಬೇಕೆಂಬುದನ್ನು ಅವುಗಳಿಂದಲೇ ಕಲಿತೆ. ಬಡ್ಡಿಯ ಪಾಠವೂ ಹೀಗೆಯೇ. ಹಳ್ಳಿಗಳಲ್ಲಿ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಎಂದು ಹೇಳುವ ಬಡ್ಡಿ ವರ್ಷಕ್ಕೆ ಶೇಕಡಾ 24; ಅದನ್ನು ತಿಂಗಳು ತಿಂಗಳೂ ಅಸಲಿಗೆ ಸೇರಿಸುತ್ತಾ ಹೋದರೆ ಚಕ್ರಬಡ್ಡಿಯಾಗಿ ಶೇಕಡಾ 26.82. ತೋಟದ ಕಾರ್ಮಿಕರ ಲೈನ್‌ಮನೆಗಳಲ್ಲಿ ಸಾಲ ಮಾಡಿಕೊಂಡವರಿಗೆ ಈ ಲೆಕ್ಕವನ್ನು ಈಗ ನಾನು ಬರೆದು ತೋರಿಸುತ್ತಿದ್ದೇನೆ.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇಲ್ಲಿ ಇನ್ನೊಂದು ಅನುಕೂಲವಿದೆ. ಪದವಿಯ ಪುಸ್ತಕಗಳು ನ್ಯೂಮರೇಟರ್, ಡಿನಾಮಿನೇಟರ್, ಕೋಎಫಿಶಿಯಂಟ್ ಎಂದಾಗ ಅಂಶ, ಛೇದ, ಸಹಗುಣಕಗಳನ್ನು ಕಲಿತವರು ಗೊತ್ತಿರುವ ವಿಷಯವನ್ನೂ ಗುರುತಿಸಲಾರದೆ ಹೋಗುತ್ತಾರೆ. ಪ್ರತಿ ಪಾಠದ ಕೊನೆಗೆ ಎರಡೂ ಪದಗಳನ್ನು ಎದುರುಬದುರು ಬರೆಸುತ್ತಾರೆ. ನನ್ನ ಆ ಪುಸ್ತಕದಲ್ಲಿ ಈಗ 140 ಜೋಡಿಗಳಿವೆ.

ಕೊರತೆಗಳನ್ನೂ ಹೇಳಬೇಕು. ಮೂಲ ಗಣಿತಕ್ಕೆ ಕೊಡುವ ಸಮಯದಿಂದಾಗಿ ಸಂಖ್ಯಾಶಾಸ್ತ್ರಕ್ಕೆ ಕೊನೆಯ ಮೂರೇ ವಾರ ಉಳಿಯುತ್ತದೆ. ಸರಾಸರಿ, ಮಧ್ಯಾಂಕ, ಬಹುಲಕಗಳು ಚೆನ್ನಾಗಿ ಬಂದವು, ಮಾನಕ ವಿಚಲನೆ ಅವಸರದಲ್ಲಿ ಮುಗಿಯಿತು, ಸಹಸಂಬಂಧ ಬರಲೇ ಇಲ್ಲ. ಬಿ.ಕಾಂ. ವಿದ್ಯಾರ್ಥಿಗೆ ಇದು ಸಣ್ಣ ಕೊರತೆಯಲ್ಲ. ಮುದ್ರಿತ ಟಿಪ್ಪಣಿಗಳಿಲ್ಲ, ಆದ್ದರಿಂದ ಒಂದು ತರಗತಿ ತಪ್ಪಿದರೆ ಜೊತೆಯವರ ಪುಸ್ತಕವೇ ಗತಿ. ಜುಲೈ ಮಳೆಯಲ್ಲಿ ನಾಲ್ಕು ಭಾನುವಾರ ವಿದ್ಯುತ್ ಇಲ್ಲದೆ ಪಾಠ ಮುಂದೂಡಲ್ಪಟ್ಟಿತು. ಹದಿಮೂರು ಮಂದಿಯಲ್ಲಿ ನರ್ಸಿಂಗ್ ಸೇರಿದವರೂ, ಐಟಿಐ ಮುಗಿಸಿ ಡಿಪ್ಲೊಮಾಗೆ ಹೊರಟವರೂ ಇದ್ದುದರಿಂದ ತ್ರಿಕೋನಮಿತಿಯ ದಿನಗಳು ನಮ್ಮಂಥವರಿಗೆ ಬರಿದೇ ಕಳೆದವು. ಪರೀಕ್ಷೆಗೆ ಒಂದು ತಿಂಗಳಿರುವಾಗ ಬಂದು ಸೇರಿ ಪಾಸಾಗಬೇಕೆನ್ನುವವರಿಗೆ ಈ ತರಗತಿಯಿಂದ ಪ್ರಯೋಜನವಿಲ್ಲ. ಹಾಗೆ ಬಂದ ಇಬ್ಬರಿಗೆ ಶಿಕ್ಷಕಿ ತಾವಾಗಿಯೇ ಬೇರೆ ಕಡೆ ಹೋಗಲು ಹೇಳಿದರು.

ಶುಲ್ಕ ತಿಂಗಳಿಗೆ 800 ರೂಪಾಯಿ, ತಿಂಗಳ ಕೊನೆಗೆ ಕೊಟ್ಟರಾಯಿತು. ಬಸ್ಸಿನ ಖರ್ಚು ಸೇರಿಸಿದರೂ ನಾನು ಆ್ಯಪ್‌ಗೆ ಮುಂಗಡ ಕಟ್ಟಿದ ಹಣವನ್ನು ಅದು ಮುಟ್ಟಲಿಲ್ಲ. ವಾರದ ನಡುವಿನ ಅಭ್ಯಾಸಕ್ಕೆ ಅವರು ಸೂಚಿಸುವುದೆಲ್ಲ ಉಚಿತವಾದದ್ದು: ಅಂತರ್ಜಾಲದಿಂದ ಇಳಿಸಿಕೊಳ್ಳಬಹುದಾದ ರಾಜ್ಯದ ಶಾಲಾ ಪಠ್ಯಪುಸ್ತಕಗಳು, ಮತ್ತು ಖಾನ್ ಅಕಾಡೆಮಿ. ಖಾನ್ ಅಕಾಡೆಮಿ ಲಾಭದ ಉದ್ದೇಶವಿಲ್ಲದ ಸಂಸ್ಥೆ, ಅದರಲ್ಲಿ ಒಂದನೆಯ ತರಗತಿಯ ಪಾಠದಿಂದಲೇ ಆರಂಭಿಸಬಹುದು, ಗಡಿಯಾರದ ಒತ್ತಡವೂ ಇಲ್ಲ. ದೂರದ ಕೊಪ್ಪ, ಮೂಡಿಗೆರೆಯ ಕಡೆಯಿಂದ ಬರಲಾಗದವರು ಇವೆರಡನ್ನೇ ಹಿಡಿದು, ಐದನೆಯ ತರಗತಿಯ ಪುಸ್ತಕದಿಂದ ನಾಚಿಕೆಯಿಲ್ಲದೆ ಆರಂಭಿಸಿ, ಬಿಡಿಸಿದ ಹೆಜ್ಜೆಗಳನ್ನು ತಿಳಿದವರೊಬ್ಬರಿಗೆ ಓದಿ ಹೇಳುವ ಏರ್ಪಾಡು ಮಾಡಿಕೊಳ್ಳಲಿ. ನನ್ನ ಅನುಭವದಲ್ಲಿ ಹಾಗೆ ಓದಿ ಹೇಳುವಾಗಲೇ ತಪ್ಪು ಹೊರಬೀಳುತ್ತದೆ.

ಹೊಸ ತಂಡವು ಕಾಫಿ ಕೊಯ್ಲು ಮುಗಿಯುವ ಫೆಬ್ರವರಿಯಲ್ಲಿ ಆರಂಭವಾಗುತ್ತದೆ, ಹದಿನೈದು ಮಂದಿಗಿಂತ ಹೆಚ್ಚು ಸೇರಿಸಿಕೊಳ್ಳುವುದಿಲ್ಲ. ಚೌಕಳಿ ಪುಸ್ತಕ ಮತ್ತು ಪೆನ್ಸಿಲ್ ತೆಗೆದುಕೊಂಡು ಹೋಗಬೇಕು; ಕ್ಯಾಲ್ಕುಲೇಟರನ್ನು ಮೊದಲ ಮೂರು ತಿಂಗಳು ಬಾಗಿಲ ಬಳಿಯ ಬುಟ್ಟಿಯಲ್ಲಿಟ್ಟೇ ಒಳಗೆ ಬರಬೇಕು. ಸಂಖ್ಯಾಶಾಸ್ತ್ರಕ್ಕೆ ಪ್ರತ್ಯೇಕವಾಗಿ ಎರಡು ತಿಂಗಳ ಪಾಠ ಮಾಡುವಂತೆ ನಾವು ಆರು ಮಂದಿ ಕೇಳಿಕೊಂಡಿದ್ದೇವೆ, ಅವರು ಒಪ್ಪಿದರೆ ನಾನು ಮತ್ತೆ ಸೇರುತ್ತೇನೆ.