ಗೋಯಾನ ‘ಕಾಪ್ರಿಚೋಸ್’: ಯಾವ ಪ್ರತಿ ನೋಡಬೇಕು?

ಸ್ಪೇನಿನ ಚಿತ್ರಕಾರ ಗೋಯಾ ತಾಮ್ರದ ತಗಡುಗಳಿಂದ ಅಚ್ಚು ಹಾಕಿಸಿ, 1799ರಲ್ಲಿ ಮ್ಯಾಡ್ರಿಡ್‌ನ ಅತ್ತರು-ಮದ್ಯದ ಅಂಗಡಿಯೊಂದರಲ್ಲಿ 320 ರಿಯಾಲ್‌ಗೆ ಮಾರಾಟಕ್ಕೆ ಬಂದ 80 ಚಿತ್ರಗಳ ಕಟ್ಟು ಇದು. ಚಿತ್ರಗಳು ಅವೇ ಆದರೂ ಮೊದಲ ಮುದ್ರಣಕ್ಕೂ ನಂತರದವಕ್ಕೂ ಅಜಗಜಾಂತರ. ಕಾರಣ ಅಕ್ವಾಟಿಂಟ್ ಎಂಬ ಮುದ್ರಣ ವಿಧಾನ. ತಾಮ್ರದ ತಗಡಿನ ಮೇಲೆ ರಾಳದ ಪುಡಿ ಉದುರಿಸಿ, ಕಾಯಿಸಿ ಅಂಟಿಸಿ, ಆಮ್ಲದಲ್ಲಿ ಇಡುತ್ತಾರೆ. ಕಣಗಳ ನಡುವೆ ಕೊರೆದ ಸಣ್ಣ ಗುಳಿಗಳು ಶಾಯಿ ಹಿಡಿದು ಬೂದು ಛಾಯೆ ಕೊಡುತ್ತವೆ. ಈ ಗುಳಿಗಳು ತೀರಾ ಆಳವಿಲ್ಲದವು. ಒರೆಸಿ, ಒತ್ತಿ, ಮತ್ತೆ ಒರೆಸುವಷ್ಟರಲ್ಲಿ ಸವೆಯುತ್ತವೆ; ಆಮ್ಲದಿಂದ ಆಳವಾಗಿ ಕೊರೆದ ಎಚ್ಚಿಂಗ್ ಗೆರೆ ಉಳಿದು ಕತ್ತಲೆ ಮಾಸುತ್ತದೆ. ನಿದ್ರಿಸುವವನ ಸುತ್ತ ಗೂಬೆಗಳು ಮುತ್ತುವ 43ನೇ ಫಲಕದಲ್ಲಿ ಆ ಕತ್ತಲೆಯೇ ಮಾಸಿದರೆ ಗೂಬೆಗಳಿಗೆ ಏನು ಕೆಲಸ?

ಕೊಳ್ಳುವ ಮುನ್ನ ಭೂತಗನ್ನಡಿ ಹಿಡಿಯಿರಿ. ಚುಕ್ಕೆಗಳು ಸಾಲುಗಟ್ಟಿದ್ದರೆ ಅದು ಆಫ್‌ಸೆಟ್ ಮುದ್ರಣ, ಅಂದರೆ ಯಂತ್ರದಲ್ಲಿ ತೆಗೆದ ನಕಲು. ತಗಡಿನ ಅಂಚು ಕಾಗದದಲ್ಲಿ ಒತ್ತಿದ್ದರೆ ಮೊದಲ ಮುದ್ರಣವೆನ್ನಲು ಸಾಲದು, ಸವೆದ ತಗಡೂ ಆ ಗುರುತು ಬಿಡುತ್ತದೆ.

ಸಾಧ್ಯವಾದರೆ ಮ್ಯಾಡ್ರಿಡ್‌ನ ಪ್ರಾಡೋ ಮ್ಯೂಸಿಯಂ ಸಂಗ್ರಹದ ಪೂರ್ವಸಿದ್ಧತಾ ರೇಖಾಚಿತ್ರಗಳನ್ನೂ ಜೊತೆಗಿಟ್ಟು ನೋಡಿ. ಒದ್ದೆ ಮಾಡಿದ ರೇಖಾಚಿತ್ರವನ್ನು ತಗಡಿನ ಮೇಲಿಟ್ಟು ಒತ್ತಿದ್ದರಿಂದ ಹಲವು ಹಾಳೆಗಳಲ್ಲಿ ತಗಡಿನ ಅಚ್ಚೂ ಉಳಿದಿದೆ.

ಪ್ರಾಡೋದಲ್ಲೇ ಇರುವ ಗೋಯಾನ 14 ‘ಕಪ್ಪು ಚಿತ್ರ’ಗಳದ್ದು ಬೇರೆ ಸಮಸ್ಯೆ: ಅವನ ಮನೆಯ ಗೋಡೆಯ ಮೇಲಿನ ಎಣ್ಣೆಬಣ್ಣವನ್ನು 1870ರ ದಶಕದಲ್ಲಿ ಕ್ಯಾನ್ವಾಸಿಗೆ ವರ್ಗಾಯಿಸುವಾಗ ಸಾಕಷ್ಟು ಹಾನಿಯಾಗಿ, ತೇಪೆ ಬಿದ್ದಿದೆ.