ಮರಿಗಿಂತ ಮೊದಲು ತಾಯಿಯನ್ನು ತೋರಿಸಿದವರು

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ನಮ್ಮ ಜತ್ತ ತಾಲ್ಲೂಕಿನಲ್ಲಿ ಮಾಡಗ್ಯಾಳ ತಳಿಯ ಟಗರು ಕೊಳ್ಳಲು ಹೋದವನು ಅದರ ಬಾಗಿದ ಮೂಗನ್ನು ನೋಡಿ ಸುಮ್ಮನಾಗುವುದಿಲ್ಲ. ತಾಯಿ ಯಾವ ಹಿಂಡಿನದು, ತಂದೆ ಯಾರ ಮನೆಯದು ಎಂದು ವಿಚಾರಿಸಿಯೇ ಹಣ ಎಣಿಸುತ್ತಾನೆ. ಅದೇ ಮನುಷ್ಯ ಜಾತಿ ನಾಯಿ ಬೇಕೆನಿಸಿದಾಗ ಮೊಬೈಲಿಗೆ ಬಂದ ಫೋಟೋ ನೋಡಿ ಮುಂಗಡ ಕಳುಹಿಸಿಬಿಡುತ್ತಾನೆ. ನಾನೂ ಹಾಗೆಯೇ ಮಾಡಿದ್ದೆ. ಎರಡು ವರ್ಷಗಳ ಹಿಂದೆ ಶಹರದ ಮಾರಾಟಗಾರನೊಬ್ಬನಿಂದ ತರಿಸಿದ ಮುಧೋಳ ಬೇಟೆನಾಯಿ ತಳಿಯ ಮರಿ ಹಣ್ಣಿನ ರಟ್ಟಿನ ಪೆಟ್ಟಿಗೆಯಲ್ಲಿ, ಬಸ್ಸಿನ ಹಿಂದಿನ ಸೀಟಿನ ಕೆಳಗೆ ಬಂದಿತ್ತು. ಅದಕ್ಕಿನ್ನೂ ತಿಂಗಳು ತುಂಬಿದಂತಿರಲಿಲ್ಲ. ನಾಲ್ಕನೆಯ ದಿನ ರಕ್ತಭೇದಿ ಶುರುವಾಯಿತು, ದನದ ಡಾಕ್ಟರು ಇದು ಪಾರ್ವೊ ಎಂಬ ನಾಯಿಗಳ ಅಂಟುರೋಗ ಎಂದರು, ಆರನೆಯ ದಿನ ಮರಿ ಸತ್ತಿತು. ಆ ರೋಗ ತಗುಲಿದ ಮೇಲೆ ಲಕ್ಷಣ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಮೂರರಿಂದ ಏಳು ದಿನ ಹಿಡಿಯುತ್ತದೆಯಾದ್ದರಿಂದ ಅದು ಎಲ್ಲಿಂದ ಬಂತೆಂಬ ಬಗ್ಗೆ ನನಗೆ ಹೆಚ್ಚು ಸಂಶಯವಿಲ್ಲ. ಮಾರಿದವನ ಫೋನು ಅಂದಿನಿಂದ ಬಂದ್.

ಈ ಬರಹ ಎರಡನೆಯ ಸಲ ಮರಿ ಕೊಳ್ಳಲು ನಾನು ಹೋದ ಮನೆಯ ಕುರಿತು. ಅದು ಬಾಗಲಕೋಟೆ ಜಿಲ್ಲೆಯ ಮುಧೋಳದ ಸಮೀಪದ ಒಂದು ರೈತ ಕುಟುಂಬ. ಹೆಸರನ್ನೂ ಫೋನ್ ನಂಬರನ್ನೂ ಬರೆಯಬಾರದೆಂದು ಅವರೇ ಕೇಳಿಕೊಂಡಿದ್ದಾರೆ. ಇರುವ ಎರಡು ಹೆಣ್ಣು ನಾಯಿಗಳ ಮರಿಗಳಿಗೆ ಈಗಾಗಲೇ ಬೇಕಾದಷ್ಟು ಜನ ಸರದಿಯಲ್ಲಿದ್ದಾರಂತೆ. ಈ ತಳಿ 2016ರಲ್ಲಿ ಸೈನ್ಯದ ತರಬೇತಿಗೆ ಹೋಯಿತು, 2020ರ ಆಗಸ್ಟಿನಲ್ಲಿ ಪ್ರಧಾನಿಯವರ ರೇಡಿಯೋ ಭಾಷಣದಲ್ಲೂ ಅದರ ಹೆಸರು ಬಂತು. ಹೆಸರು ದೊಡ್ಡದಾದ ಮೇಲೆ ತೆಳ್ಳಗಿನ ಸೊಂಟವಿರುವ ಯಾವ ಬೆರಕೆ ಮರಿಯನ್ನಾದರೂ ಮುಧೋಳ ಎಂದು ಮಾರುವವರಿಗೇನೂ ಕೊರತೆಯಿಲ್ಲ.

ಅಥಣಿ, ಜಮಖಂಡಿ ದಾಟಿ ನಾವು ಅವರ ಹೊಲ ತಲುಪುವಷ್ಟರಲ್ಲಿ ಹನ್ನೊಂದು ಗಂಟೆಯಾಗಿತ್ತು. ಮರಿಗಳೆಲ್ಲಿ ಎಂದು ಕೇಳಿದ್ದಕ್ಕೆ ಯಜಮಾನರು, "ಮರಿ ಆಮ್ಯಾಲ ನೋಡೂಣ್ರಿ, ಮೊದಲ ತಾಯಿನ್ನ ನೋಡ್ರಿ" ಎಂದು ಸೀಟಿ ಹಾಕಿದರು. ಕಬ್ಬಿನ ಬದುವಿನ ಆ ತುದಿಯಿಂದ ಕಂದು ಬಣ್ಣದ ನಾಯಿಯೊಂದು ಬಂದು ನಮ್ಮಿಂದ ನಾಲ್ಕು ಮಾರು ದೂರದಲ್ಲಿ ನಿಂತಿತು. ಬಾಲ ಆಡಿಸಲಿಲ್ಲ, ಹಲ್ಲು ಕಿರಿಯಲೂ ಇಲ್ಲ. ಯಜಮಾನರು ಮಾತನಾಡಿಸಿದ ಮೇಲೆ ಹತ್ತಿರ ಬಂದು ನನ್ನ ಅಂಗೈ ಮೂಸಿತು. ಉದ್ದನೆಯ ಕಿರಿದಾದ ತಲೆ, ಆಳವಾದ ಎದೆ, ಒಳಗೆ ಸೆಳೆದ ಹೊಟ್ಟೆ, ಚರ್ಮದಡಿ ತುಸುವೇ ಕಾಣುವ ಪಕ್ಕೆಲುಬು. ಇದು ಉಪವಾಸದ ಲಕ್ಷಣವಲ್ಲ, ಓಡುವ ನಾಯಿಯ ಮೈಕಟ್ಟೇ ಹೀಗೆ. ತಂದೆ ನಾಯಿ ಪಕ್ಕದ ಊರಿನದಾದ್ದರಿಂದ ಅಲ್ಲಿಗೂ ಬೈಕಿನಲ್ಲಿ ಕರೆದೊಯ್ದು ತೋರಿಸಿದರು.

ಇನ್ನು ಕಾಗದಪತ್ರದ ವಿಷಯ. ನಾಯಿ ಸಾಕಣೆ ಮತ್ತು ಮಾರಾಟಕ್ಕೆ ಸಂಬಂಧಿಸಿದ 2017ರ ಕೇಂದ್ರ ನಿಯಮಗಳ ಪ್ರಕಾರ ತಳಿ ಸಾಕಣೆದಾರರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು, ಎಂಟು ವಾರ ತುಂಬದ ಮರಿಯನ್ನು ಮಾರಬಾರದು, ಹದಿನೆಂಟು ತಿಂಗಳಾಗದ ಹೆಣ್ಣು ನಾಯಿಯನ್ನು ಕೂಡಿಸಬಾರದು, ಒಂದು ನಾಯಿಯಿಂದ ಜೀವಮಾನದಲ್ಲಿ ಐದಕ್ಕಿಂತ ಹೆಚ್ಚು ಸೂಲು ಪಡೆಯಬಾರದು. ಇವರು ನೋಂದಣಿ ಪತ್ರವನ್ನು ಕೇಳದೆಯೇ ತಂದಿಟ್ಟರು. ಇದು ತಾಯಿಯ ಮೂರನೆಯ ಸೂಲು ಎಂಬುದು ಅವರ ವಹಿಯಲ್ಲಿ ತಾರೀಖಿನೊಂದಿಗೆ ಬರೆದಿತ್ತು. ಲಸಿಕೆಯ ಪುಸ್ತಕದಲ್ಲಿ ಬಾಟಲಿಯ ಮೇಲಿನ ಚೀಟಿ ಅಂಟಿಸಿ, ಪಕ್ಕದಲ್ಲಿ ಡಾಕ್ಟರು ಸಹಿ ಮಾಡಿದ್ದರು. ಬರಿಯ ಟಿಕ್ ಗುರುತು ಹಾಕಿದ ಪುಸ್ತಕ ಯಾರಾದರೂ ಕೊಟ್ಟರೆ ತೆಗೆದುಕೊಳ್ಳಬೇಡಿ.

ಆಮೇಲೆ ಪ್ರಶ್ನೆ ಕೇಳುವ ಸರದಿ ಅವರದಾಯಿತು. ತೋಟದ ಬೇಲಿ ಎಷ್ಟೆತ್ತರ, ಹಗಲೆಲ್ಲ ಸರಪಳಿಯಲ್ಲಿ ಕಟ್ಟುತ್ತೀರಾ, ಪಕ್ಕದವರ ಕುರಿ ಕೋಳಿ ಎಷ್ಟು ದೂರ, ಮನೆಯಲ್ಲಿ ಎಲ್ಲರಿಗೂ ನಾಯಿ ಬೇಕೇ? ನನ್ನ ದಾಳಿಂಬೆ ತೋಟದ ಬೇಲಿ ಸೊಂಟದೆತ್ತರ ಎಂದಾಗ, "ಅದನ್ನ ಒಂದ ನೆಗತಕ್ಕ ಹಾರತೈತ್ರಿ, ಆಳೆತ್ತರ ಮಾಡಿ ಬರ್ರಿ" ಎಂದು ಆ ದಿನ ಬರಿಗೈಯಲ್ಲಿ ಕಳುಹಿಸಿದರು. ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ಹದಿನೈದು ದಿನ ಬಿಟ್ಟು ಬೇಲಿಯ ಫೋಟೋ ತೋರಿಸಿದ ಮೇಲೆ, ಒಂಬತ್ತು ವಾರದ ಗಂಡು ಮರಿಯನ್ನು ಹನ್ನೆರಡು ಸಾವಿರ ರೂಪಾಯಿಗೆ ಕೊಟ್ಟರು. ಸಾಕಲಾಗದಿದ್ದರೆ ಬೇರೆಯವರಿಗೆ ಮಾರದೆ ತಮಗೇ ಮರಳಿಸಬೇಕೆಂದು ರಸೀದಿಯ ಹಿಂದೆ ಬರೆಸಿಕೊಂಡದ್ದೂ ಉಂಟು.

ಕೊರತೆಗಳೂ ಇವೆ. ಮರಿ ಆರಿಸುವ ಅವಕಾಶ ಕೊಳ್ಳುವವರಿಗಿಲ್ಲ. ಅವರು ಕೊಟ್ಟದ್ದನ್ನೇ ಒಯ್ಯಬೇಕು. ಸೂಲಿನ ನೋಂದಣಿಗೆ ತಡವಾಗಿ ಅರ್ಜಿ ಹಾಕಿದ್ದರಿಂದ ವಂಶಾವಳಿ ಪತ್ರ ನನ್ನ ಕೈ ಸೇರಲು ಐದು ತಿಂಗಳಾಯಿತು, ಅಷ್ಟರೊಳಗೆ ಮೂರು ಸಲ ಫೋನು ಮಾಡಿ ನೆನಪಿಸಬೇಕಾಯಿತು. ಪತ್ರದಲ್ಲಿ ಕಾರವಾನ್ ಹೌಂಡ್ ಎಂದಿರುವುದನ್ನು ಕಂಡು ಗಾಬರಿಯಾಗಬೇಕಿಲ್ಲ. ಕೆನಲ್ ಕ್ಲಬ್ ಆಫ್ ಇಂಡಿಯಾ ಈ ತಳಿಯನ್ನು ಅದೇ ಹೆಸರಿನಲ್ಲಿ ದಾಖಲಿಸುತ್ತದೆ, ನಮ್ಮ ಕಡೆಯ ಮರಾಠಿಗರು ಕಾರವಾನಿ ಎನ್ನುವುದೂ ಇದನ್ನೇ.

ಮರಿಗೆ ಈಗ ಹನ್ನೊಂದು ತಿಂಗಳು, ಹೊಸ ಬೇಲಿಯನ್ನು ಇದುವರೆಗೆ ದಾಟಿಲ್ಲ. ಆ ಮನೆಯ ಮುಂದಿನ ಸೂಲು ಬರುವ ವರ್ಷವೇ. ಅಷ್ಟು ದಿನ ಕಾಯಲಾಗದವರು ಮುಧೋಳದ ಹತ್ತಿರದ ತಿಮ್ಮಾಪುರದಲ್ಲಿರುವ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರದಲ್ಲಿ ವಿಚಾರಿಸಬಹುದು.