ಮಗನ ಎಂಜಲು ಪರೀಕ್ಷೆ: ಮಡಿಕೇರಿಯ ಒಂದು ಕ್ಲಿನಿಕ್‌ನ ಅನುಭವ

ನನ್ನ ಮಗನಿಗೆ ಗಾಂಜಾ ಬಿಡಿಸುವ ಚಿಕಿತ್ಸೆ ನಡೆಯುತ್ತಿದೆ. ಮೊದಲು ಹೋಗುತ್ತಿದ್ದ ಕಡೆ ಮೂತ್ರ ಪರೀಕ್ಷೆ ಮಾಡುತ್ತಿದ್ದರು. ನೀರು ಬೆರೆಸಬಾರದೆಂದು ಒಬ್ಬರು ಹಿಂದೆ ನಿಂತು ನೋಡುತ್ತಿದ್ದರು. 23 ವರ್ಷದ ಹುಡುಗ, ನಾಚಿಕೆಗೆ ಒಂದು ಗಂಟೆ ಮೂತ್ರವೇ ಬರಲಿಲ್ಲ. ಕೊನೆಗೆ ಪಾಸಿಟಿವ್ ಅಂದರು. ಮೂರು ವಾರದಿಂದ ಮುಟ್ಟಿಲ್ಲಮ್ಮ ಅಂದ. ನಾಪೋಕ್ಲು ಮುಟ್ಟುವವರೆಗೂ ಬೈದೆ. ದಿನಾ ಸೇದಿದವರ ಮೈಕೊಬ್ಬಿನಲ್ಲಿ ಉಳಿದದ್ದು ಬಿಟ್ಟ ಮೇಲೂ ವಾರಗಟ್ಟಲೆ ಮೂತ್ರದಲ್ಲಿ ಇಳಿಯುತ್ತದೆ ಎಂದು ಆವತ್ತು ನನಗೆ ಯಾರೂ ಹೇಳಲಿಲ್ಲ.

ಈಗಿನ ಕ್ಲಿನಿಕ್‌ನಲ್ಲಿ ಎಂಜಲು ಸಾಕು. ಕೆನ್ನೆಗೂ ವಸಡಿಗೂ ನಡುವೆ ಒಂದು ಪ್ಯಾಡ್ ಇಟ್ಟುಕೊಳ್ಳಬೇಕು, ಸಾಕಷ್ಟು ನೆನೆದರೆ ಕಡ್ಡಿಯ ಗುರುತು ನೀಲಿಯಾಗುತ್ತದೆ. ನರ್ಸ್ ಎದುರಿಗೇ ಕೂತಿರುತ್ತಾರೆ, ಬಟ್ಟೆ ಬಿಚ್ಚುವ ಮಾತಿಲ್ಲ. ಮೊದಲ ದಿನ ಅವನ ಬಾಯಿ ಒಣಗಿ ನೀಲಿ ಬರಲೇ ಇಲ್ಲ. ನಾನು ಚೀಲದಿಂದ ಕಿತ್ತಳೆ ತೆಗೆದು ಸುಲಿಯಹೊರಟೆ, ನರ್ಸ್ ಕೈ ಹಿಡಿದರು: ಪರೀಕ್ಷೆಗೆ ಮುಂಚೆ 10 ನಿಮಿಷ ಬಾಯಿಗೆ ನೀರೂ ಹೋಗಬಾರದಂತೆ. ನಿದ್ದೆಗೆ ಯಾವ ಮಾತ್ರೆ ಎಂದು ಕೇಳಿದರು. ಅಮಿಟ್ರಿಪ್ಟಿಲೀನ್. ಅದಕ್ಕೇ ಬಾಯಿ ಒಣಗಿದ್ದು, ಅವನ ತಪ್ಪಲ್ಲ ಎಂದು ನನಗೆ ಬಿಡಿಸಿ ಹೇಳಿ, ದವಡೆ ಆಡಿಸುತ್ತಾ ಕೂರಿಸಿದರು. ಆ ತಾಳ್ಮೆಗೆ ನಾನು ಋಣಿ.

ಎಂಜಲು ಪರೀಕ್ಷಿಸುವ ಕಿಟ್‌ನ ಪಟ್ಟಿಯಲ್ಲಿ ಎರಡನೇ ಗೆರೆ ತೀರಾ ಮಸುಕಾಗಿ ಮೂಡಿದಾಗ ನನ್ನ ಎದೆ ಧಸಕ್ಕೆಂದಿತು. ಕೋವಿಡ್ ಕಿಟ್‌ನಲ್ಲಿ ಮಸುಕು ಗೆರೆಯೂ ಪಾಸಿಟಿವ್ ಅಲ್ಲವೇ? ಇದರಲ್ಲಿ ಉಲ್ಟಾ: ಗೆರೆ ಎಷ್ಟೇ ಮಸುಕಾಗಿದ್ದರೂ ನೆಗೆಟಿವ್, ಮೂಡದಿದ್ದರೆ ಮಾತ್ರ ಅನುಮಾನ. ಆಗಲೂ ಪಾಸಿಟಿವ್ ಅಂದುಬಿಡುವುದಿಲ್ಲ, ಮಾಸ್ ಸ್ಪೆಕ್ಟ್ರೋಮೆಟ್ರಿ ಎಂಬ ಹೆಚ್ಚು ಖಚಿತವಾದ ಪರೀಕ್ಷೆಗೆ ಹೊರಗಿನ ಲ್ಯಾಬ್‌ಗೆ ಕಳಿಸುತ್ತಾರೆ. ಮನೆಯವರು ಇದನ್ನು ಮೊದಲೇ ಕೇಳಿ ತಿಳಿದುಕೊಳ್ಳಿ.

ಎಂಜಲಲ್ಲಿ ಸಿಗುವುದು ಹೆಚ್ಚಾಗಿ ನಿನ್ನೆ ಮೊನ್ನೆ ಸೇದಿದ್ದು ಮಾತ್ರ. ಹಾಗಾಗಿ ದಿನ ಗೊತ್ತುಮಾಡದೆ, ಬೆಳಿಗ್ಗೆ ಫೋನ್ ಮಾಡಿ ಮಧ್ಯಾಹ್ನ ಬನ್ನಿ ಅನ್ನುತ್ತಾರೆ. ಕಾಫಿ ಕುಯ್ಲಿನ ಹೊತ್ತಲ್ಲಿ ಆಳುಗಳನ್ನು ಬಿಟ್ಟು ಬಸ್ ಹತ್ತುವುದು ಕಷ್ಟ, ಆದರೂ ಅದು ಸರಿಯೇ.

ಸರಿಯಲ್ಲದ್ದು ಒಂದೇ. ಕೌಂಟರ್‌ನಲ್ಲಿ ಅವನನ್ನು ಮನೆತನದ ಹೆಸರು ಸೇರಿಸಿ ಗಟ್ಟಿಯಾಗಿ ಕರೆದರು. ಕೊಡಗಿನಲ್ಲಿ ಮನೆಹೆಸರು ಕಿವಿಗೆ ಬಿದ್ದರೆ ಯಾರ ಮಗ, ಯಾವ ಊರು ಎಲ್ಲ ಗೊತ್ತಾಗುತ್ತದೆ. ಬೆಂಚಿನಲ್ಲಿದ್ದ ಇಬ್ಬರು ತಿರುಗಿ ನೋಡಿದರು, ಅವನು ತಲೆ ತಗ್ಗಿಸಿದ. ಡಾಕ್ಟರಿಗೆ ನೇರವಾಗಿ ಹೇಳಿದೆ. ಮುಂದಿನ ಸಲದಿಂದ ಟೋಕನ್ ನಂಬರ್ ಕರೆಯುತ್ತೇವೆ ಅಂದಿದ್ದಾರೆ.